ಸಿನಿಮಾ ನೋಡುವುದೋ, ಸರಣಿ ಹಿಡಿಯುವುದೋ: ಒಬ್ಬ ನೋಡುಗನ ಮುಚ್ಚುಮರೆಯಿಲ್ಲದ ಹೋಲಿಕೆ

ಒಂದೇ ಬಗೆಯ ವಸ್ತುವಿನ ಮೇಲೆ ಎರಡೂವರೆ ಗಂಟೆಯ ಸಿನಿಮಾವೂ ಇದೆ, ಹತ್ತು ಗಂಟೆಯ ಸರಣಿಯೂ ಇದೆ ಎಂದಾಗ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಬಹಳ ಮಂದಿ ತಮ್ಮ ಬಿಡುವನ್ನು ನೋಡಿಕೊಂಡು ಉತ್ತರ ಹೇಳುತ್ತಾರೆ. ಬಿಡುವಿದ್ದರೆ ಸರಣಿ, ಇಲ್ಲದಿದ್ದರೆ ಸಿನಿಮಾ ಎಂಬ ಈ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ನಮ್ಮ ಬಿಡುವಿಗಿಂತ ಮೊದಲು ಆ ಕಥೆಗೆ ಎಷ್ಟು ಹೊತ್ತು ಬೇಕು ಎಂದು ಕೇಳಿಕೊಳ್ಳಬೇಕು. ಮನುಷ್ಯನೊಬ್ಬ ಒಂದು ನಿರ್ಧಾರಕ್ಕೆ ಬರುವ ಕಥೆ ಸಿನಿಮಾದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅವನು ತನಗೇ ಗೊತ್ತಾಗದಂತೆ ಬೇರೊಬ್ಬನಾಗಿಬಿಡುವ ಕಥೆಗೆ, ಅಥವಾ ಕಾಯುವುದೇ ಜೀವಾಳವಾಗಿರುವ ಕಥೆಗೆ, ಕಂತುಗಳು ಬೇಕಾಗುತ್ತವೆ. ಈ ಅಳತೆಗೋಲನ್ನು ಹಿಡಿದು ನಾನು ನೋಡಿರುವ ಕೆಲವು ಕೃತಿಗಳನ್ನು ಜೋಡಿ ಜೋಡಿಯಾಗಿ ಇಲ್ಲಿ ತೂಗಿದ್ದೇನೆ. ಕಥೆಯ ಕೊನೆಯನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ.

ಒಂದೇ ಕಥೆ, ಮೂರು ಅಳತೆ

ಈ ಮಾತನ್ನು ಒರೆಗೆ ಹಚ್ಚಲು ಜರ್ಮನಿಯ 'ದಾಸ್ ಬೂಟ್'ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಏಕೆಂದರೆ ಒಂದೇ ಚಿತ್ರೀಕರಣದಿಂದ ಮೂರು ಅಳತೆಯ ಕೃತಿಗಳು ಹೊರಬಂದಿವೆ. ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನದ ಈ ಚಿತ್ರ 1981ರಲ್ಲಿ ತೆರೆಕಂಡಾಗ ಸುಮಾರು ಎರಡೂವರೆ ಗಂಟೆಯದಾಗಿತ್ತು. ಟೆಲಿವಿಷನ್ನಿಗಾಗಿ ಕಂತುಗಳಾಗಿ ಬಂದ ರೂಪವು ಐದು ಗಂಟೆಯ ಹತ್ತಿರಕ್ಕೆ ಬೆಳೆಯಿತು. 1997ರಲ್ಲಿ ನಿರ್ದೇಶಕರು ಮತ್ತೊಮ್ಮೆ ಸಂಕಲನಕ್ಕೆ ಕುಳಿತು ಅದನ್ನು ಸುಮಾರು ಮೂರೂವರೆ ಗಂಟೆಗೆ ತಂದರು. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಜಲಾಂತರ್ಗಾಮಿಯೊಂದು ಬಂದರಿನಿಂದ ಹೊರಟು, ಅಟ್ಲಾಂಟಿಕ್ ಸಾಗರದಲ್ಲಿ ಶತ್ರುವಿನ ಹಡಗುಗಳಿಗಾಗಿ ಅಲೆಯುತ್ತದೆ. ಕಥೆಯೆಂದರೆ ಇಷ್ಟೇ.

ಹೊರಡುವಾಗ ಆ ಕೊಳವೆಯಂಥ ಜಾಗದಲ್ಲಿ ಕಾಲಿಡಲೂ ಎಡೆಯಿಲ್ಲದಂತೆ ಬ್ರೆಡ್ಡು, ಮಾಂಸ, ಹಣ್ಣುಗಳನ್ನು ನೇತುಹಾಕಿರುತ್ತಾರೆ, ಇರುವ ಎರಡು ಶೌಚಾಲಯಗಳಲ್ಲಿ ಒಂದನ್ನು ದಾಸ್ತಾನಿಗೆ ಬಿಟ್ಟುಕೊಟ್ಟಿರುತ್ತಾರೆ. ದಿನಗಳು ಕಳೆದಂತೆ ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ, ಹುಡುಗರ ಗಡ್ಡ ಬೆಳೆಯುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ. ಚಿಕ್ಕ ಆವೃತ್ತಿಯಲ್ಲಿ ಇವೆಲ್ಲವೂ ಇವೆಯಾದರೂ ಅವು ಮಾಹಿತಿಯಾಗಿ ದಾಟಿಹೋಗುತ್ತವೆ. ದೊಡ್ಡ ಆವೃತ್ತಿಯಲ್ಲಿ ಏನೂ ನಡೆಯದ ದಿನಗಳನ್ನು ನಾವೂ ಅವರೊಂದಿಗೆ ಕಳೆದಿರುವುದರಿಂದ, ಆಳ ತೋರಿಸುವ ಮಾಪಕದ ಮುಳ್ಳು ಕೆಂಪು ಗೆರೆ ದಾಟಿ ಇಳಿಯತೊಡಗಿ, ಎಲ್ಲರೂ ಉಸಿರು ಬಿಗಿಹಿಡಿದು ಮೇಲೆ ನೋಡುತ್ತ ನಿಂತು, ಎಲ್ಲೋ ಒಂದು ಬೋಲ್ಟು ಗುಂಡಿನಂತೆ ಸಿಡಿದಾಗ, ನನ್ನ ಕೈಯೂ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಮೂರನ್ನೂ ನೋಡಿದವನಾಗಿ ನನ್ನ ಸಲಹೆ ಇದು: ಮೊದಲ ಸಲ ನೋಡುವವರು 1997ರ ಆವೃತ್ತಿಯನ್ನು, ಅದೂ ಮೂಲ ಜರ್ಮನ್ ಧ್ವನಿಯಲ್ಲಿ ಅಡಿಬರಹದೊಂದಿಗೆ ನೋಡಬೇಕು. ಮೆಚ್ಚುಗೆಯಾದವರು ಆಮೇಲೆ ಕಂತುಗಳ ರೂಪಕ್ಕೆ ಹೋಗಬಹುದು. 1981ರ ಚಿಕ್ಕ ಆವೃತ್ತಿಯನ್ನು ಇಂದು ಹುಡುಕಿಕೊಂಡು ನೋಡುವ ಅಗತ್ಯ ನನಗೆ ಕಾಣುವುದಿಲ್ಲ.

ಯುದ್ಧ: ಮೊದಲ ಅರ್ಧ ಗಂಟೆಯೋ, ಹತ್ತು ಕಂತುಗಳೋ

ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್ ಇಬ್ಬರೂ 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾದಲ್ಲಿಯೂ 2001ರ 'ಬ್ಯಾಂಡ್ ಆಫ್ ಬ್ರದರ್ಸ್' ಸರಣಿಯ ಹಿಂದೆಯೂ ಇದ್ದವರು. ಮೊದಲನೆಯದರಲ್ಲಿ ಒಬ್ಬರು ನಿರ್ದೇಶಕರು, ಇನ್ನೊಬ್ಬರು ನಾಯಕನಟ; ಎರಡನೆಯದಕ್ಕೆ ಇಬ್ಬರೂ ನಿರ್ಮಾಪಕರು. ಹಾಗಾಗಿ ಈ ಎರಡರ ನಡುವಿನ ಹೋಲಿಕೆ ಸಲೀಸು. ಸಿನಿಮಾದ ಆರಂಭದಲ್ಲಿ ಬರುವ ಫ್ರಾನ್ಸಿನ ಒಮಾಹಾ ಕಡಲತೀರದಲ್ಲಿ ಅಮೆರಿಕದ ಸೈನಿಕರು ದೋಣಿಗಳಿಂದ ಇಳಿಯುವ ದೃಶ್ಯಕ್ಕೆ ಸಮನಾದ ಯುದ್ಧದೃಶ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ದೋಣಿಯ ಬಾಗಿಲು ಬೀಳುವ ಮೊದಲೇ ಕ್ಯಾಪ್ಟನ್‌ನ ಕೈ ನಡುಗುವುದನ್ನು ಹತ್ತಿರದಿಂದ ತೋರಿಸುತ್ತಾರೆ. ಆಮೇಲೆ ಬರುವ ಎಲ್ಲ ಗದ್ದಲವನ್ನೂ ನಾವು ಆ ನಡುಗುವ ಕೈಯ ಕಡೆಯಿಂದಲೇ ನೋಡುತ್ತೇವೆ. ಇಷ್ಟನ್ನು ಮನಸಾರೆ ಹೊಗಳಿದ ಮೇಲೆ ಉಳಿದುದನ್ನೂ ಹೇಳಬೇಕಾಗುತ್ತದೆ. ನಡುವಿನ ಪಯಣ ಹಲವು ಯುದ್ಧಚಿತ್ರಗಳಲ್ಲಿ ಕಂಡ ಹಾದಿಯಲ್ಲೇ ಸಾಗುತ್ತದೆ, ಸೈನಿಕರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಣವನ್ನು ಹಂಚಿಕೊಟ್ಟಂತೆ ಕಾಣುತ್ತದೆ, ಮತ್ತು ಚಿತ್ರದ ಎರಡು ತುದಿಗಳಲ್ಲಿ ಬರುವ ಸ್ಮಶಾನದ ದೃಶ್ಯಗಳು ನಾವು ಆಗಲೇ ಅನುಭವಿಸಿದ್ದನ್ನು ಮತ್ತೆ ಬಾಯಿಬಿಟ್ಟು ಹೇಳುತ್ತವೆ.

ಹತ್ತು ಕಂತುಗಳ 'ಬ್ಯಾಂಡ್ ಆಫ್ ಬ್ರದರ್ಸ್' ಅಮೆರಿಕದ ಒಂದು ಪ್ಯಾರಾಟ್ರೂಪರ್ ತುಕಡಿಯನ್ನು ತರಬೇತಿಯ ದಿನದಿಂದ ಯುದ್ಧ ಮುಗಿಯುವವರೆಗೂ ಹಿಂಬಾಲಿಸುತ್ತದೆ. ಮೊದಲೆರಡು ಕಂತುಗಳಲ್ಲಿ ಎಲ್ಲರೂ ಒಂದೇ ಸಮವಸ್ತ್ರ, ಒಂದೇ ಶಿರಸ್ತ್ರಾಣದಲ್ಲಿರುವುದರಿಂದ ಯಾರು ಯಾರೆಂದು ಗೊತ್ತಾಗುವುದಿಲ್ಲ, ಇದು ನಿಜವಾದ ತೊಡಕು. ಅನೇಕರು ಅಲ್ಲಿಯೇ ಕೈಬಿಡುತ್ತಾರೆ. ದಯವಿಟ್ಟು ಆರನೆಯ ಕಂತಿನವರೆಗಾದರೂ ತಾಳಿಕೊಳ್ಳಿ. ಹಿಮ ತುಂಬಿದ ಕಾಡಿನಲ್ಲಿ ತುಕಡಿಯ ವೈದ್ಯಕೀಯ ಸಹಾಯಕನೊಬ್ಬ ಒಂದು ಗುಂಡಿಯಿಂದ ಇನ್ನೊಂದಕ್ಕೆ ಓಡುತ್ತ, ಕತ್ತರಿಯನ್ನೂ ಬ್ಯಾಂಡೇಜನ್ನೂ ಮಾರ್ಫಿನ್ನನ್ನೂ ಬೇಡಿ ಕೂಡಿಹಾಕುವುದೇ ಆ ಕಂತಿನ ಬಹುಪಾಲು. ಒಂದು ಇಡೀ ಗಂಟೆಯನ್ನು ಹೀಗೆ ಒಬ್ಬನಿಗೆ ಬಿಟ್ಟುಕೊಡುವ ಸವಲತ್ತು ಸಿನಿಮಾಕ್ಕೆ ಇಲ್ಲ. ಪ್ರತಿ ಕಂತಿನಲ್ಲಿ ನಿಜವಾದ ವೃದ್ಧ ಸೈನಿಕರು ಕ್ಯಾಮೆರಾದ ಮುಂದೆ ಕುಳಿತು ಮಾತನಾಡುತ್ತಾರೆ, ಆದರೆ ಅವರು ಕಥೆಯೊಳಗಿನ ಯಾವ ಹುಡುಗರು ಎಂಬುದನ್ನು ಕೊನೆಯ ಕಂತಿನವರೆಗೂ ಹೇಳುವುದಿಲ್ಲ. ಆ ಹೆಸರುಗಳು ತೆರೆಯ ಮೇಲೆ ಮೂಡಿದ ಕ್ಷಣ ಹತ್ತು ಗಂಟೆಗಳ ತಾಳ್ಮೆಗೆ ಸಂದ ಫಲವಾಗಿತ್ತು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಯಾವ ಹಿಂಜರಿಕೆಯೂ ಇಲ್ಲದೆ ಸರಣಿಗೆ.

ಒಬ್ಬ ಮನುಷ್ಯ ಕೆಡುವ ಕಥೆ

'ದಿ ಗಾಡ್‌ಫಾದರ್' (1972) ಮತ್ತು 'ಬ್ರೇಕಿಂಗ್ ಬ್ಯಾಡ್' (2008ರಿಂದ 2013, 62 ಕಂತುಗಳು) ಇವೆರಡರಲ್ಲೂ ಕೇಡಿನಿಂದ ದೂರವಿದ್ದ ಒಬ್ಬನು ಅದರ ನಡುಮನೆಗೆ ಬಂದು ಕೂರುತ್ತಾನೆ. ಆದರೆ ಬರುವ ದಾರಿ ಬೇರೆ ಬೇರೆ. ಗಾಡ್‌ಫಾದರ್‌ನ ಮೈಕೆಲ್ ಬದಲಾಗುವುದು ಮುಖ್ಯವಾಗಿ ಒಂದು ಹೋಟೆಲಿನ ಮೇಜಿನ ಮುಂದೆ. ಎದುರಿಗೆ ಕುಳಿತವನು ಮಾತನಾಡುತ್ತಲೇ ಇರುತ್ತಾನೆ, ಕ್ಯಾಮೆರಾ ಮೈಕೆಲ್‌ನ ಮುಖದ ಮೇಲೆ ನಿಲ್ಲುತ್ತದೆ, ತೆರೆಯ ಮೇಲೆ ಎಲ್ಲಿಯೂ ಕಾಣದ ರೈಲಿನ ಸದ್ದೊಂದು ಏರುತ್ತ ಏರುತ್ತ ಮಾತನ್ನು ನುಂಗಿಹಾಕುತ್ತದೆ, ಆಲ್ ಪಚೀನೊ ಅವರ ಕಣ್ಣುಗಳು ಮಾತ್ರ ಅತ್ತಿತ್ತ ಹೊರಳುತ್ತವೆ. ಇಲ್ಲಿ ನಡೆಯುವುದು ನಿರ್ಧಾರ, ಅದಕ್ಕೆ ಕೆಲವು ನಿಮಿಷಗಳೇ ಸಾಕು. ಅದನ್ನು ಹತ್ತು ಕಂತುಗಳಿಗೆ ಎಳೆದಿದ್ದರೆ ಕೆಟ್ಟುಹೋಗುತ್ತಿತ್ತು.

ಬ್ರೇಕಿಂಗ್ ಬ್ಯಾಡ್‌ನ ರಸಾಯನಶಾಸ್ತ್ರದ ಮೇಷ್ಟ್ರು ಹಾಗೆ ಒಮ್ಮೆಗೇ ಬದಲಾಗುವವರಲ್ಲ. ಮೊದಲ ಸೀಸನ್ನಿನ ಮೂರನೆಯ ಕಂತಿನಲ್ಲಿ, ನೆಲಮಾಳಿಗೆಯಲ್ಲಿ ಕಟ್ಟಿಹಾಕಿರುವ ಒಬ್ಬನನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಅವರು ಕಾಗದದ ಮೇಲೆ ಎರಡು ಪಟ್ಟಿ ಬರೆಯುತ್ತಾರೆ. ಬಿಡಲು ಕಾರಣಗಳು ಹಲವು, ಕೊಲ್ಲಲು ಒಂದೇ. ಬಿಟ್ಟುಬಿಡುವ ಮನಸ್ಸೂ ಮಾಡುತ್ತಾರೆ. ಆಗ ಏನೋ ನೆನಪಾಗಿ, ಹಿಂದೆ ಒಡೆದು ಕಸದ ಬುಟ್ಟಿಗೆ ಎಸೆದಿದ್ದ ತಟ್ಟೆಯ ಚೂರುಗಳನ್ನು ಹೊರತೆಗೆದು ಒಂದಕ್ಕೊಂದು ಕೂಡಿಸಿ ನೋಡಿದರೆ, ಚೂಪಾದ ಒಂದು ಚೂರು ಕಾಣೆಯಾಗಿದೆ. ಕಾಣೆಯಾದ ಆ ಚೂರಿನಷ್ಟು ಜಾಗದಲ್ಲಿ ಮನುಷ್ಯನ ಒಳ್ಳೆಯತನ ಸೋರಿಹೋಗುವುದನ್ನು ನಾನು ಕಂಡೆ. ಇಂಥ ಹತ್ತಾರು ಸಣ್ಣ ಮೆಟ್ಟಿಲುಗಳನ್ನು ಇಳಿದ ಮೇಲೆ, ಐದನೆಯ ಸೀಸನ್ನಿನಲ್ಲಿ ನಿಂತು ಹಿಂತಿರುಗಿ ನೋಡಿದಾಗ, ಯಾವ ಮೆಟ್ಟಿಲಿನಲ್ಲಿ ನಾನು ಈ ಮನುಷ್ಯನ ಪಕ್ಷ ಬಿಡಬೇಕಿತ್ತು ಎಂದು ಹೇಳಲಾಗಲಿಲ್ಲ. ಅದು ಕಂತುಗಳಿಂದ ಮಾತ್ರ ಸಾಧ್ಯವಾಗುವ ಪರಿಣಾಮ. ಮೂರು ಗಂಟೆಗೆ ಐದು ನಿಮಿಷ ಕಡಿಮೆಯಿರುವ ಗಾಡ್‌ಫಾದರ್ ಅನ್ನು ಒಂದೇ ಕೂರಿಕೆಯಲ್ಲಿ ನೋಡಬೇಕು. ಬ್ರೇಕಿಂಗ್ ಬ್ಯಾಡ್ ಅನ್ನು ಮಾತ್ರ ಒಂದೇ ಉಸಿರಿಗೆ ಮುಗಿಸದೆ ದಿನಕ್ಕೆ ಒಂದು ಅಥವಾ ಎರಡು ಕಂತಿನಂತೆ ನೋಡುವುದು ಮೇಲು, ಏಕೆಂದರೆ ಅವಸರದಲ್ಲಿ ನೋಡಿದರೆ ಆ ಮೆಟ್ಟಿಲುಗಳು ಕಣ್ಣಿಗೆ ಬೀಳುವುದಿಲ್ಲ.

ಇದೇ ಸಾಲಿನಲ್ಲಿ ಬಹಳ ಜನ 'ದಿ ಸೊಪ್ರಾನೋಸ್' ಅನ್ನು ಸೂಚಿಸುತ್ತಾರೆ. 1999ರಿಂದ 2007ರವರೆಗಿನ 86 ಕಂತುಗಳ ಆ ಸರಣಿಯಲ್ಲಿ ಮಾಫಿಯಾ ನಾಯಕನು ಮನೋವೈದ್ಯೆಯ ಎದುರು ಕುಳಿತು ಮಾತನಾಡುವ ಭಾಗಗಳು ಅಪೂರ್ವವಾಗಿವೆ. ಉಳಿದ ಕಡೆ ಕಥೆ ಅಲೆದಾಡುತ್ತದೆ, ಕೆಲವು ಎಳೆಗಳು ಹೇಳದೆ ಕೇಳದೆ ನಿಂತುಹೋಗುತ್ತವೆ. ಬದುಕೂ ಹಾಗೆಯೇ ಎಂದು ಅದರ ಅಭಿಮಾನಿಗಳು ವಾದಿಸುತ್ತಾರೆ, ಆ ವಾದದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. ಆದರೂ ಮೊದಲು ಹಿಡಿಯಬೇಕಾದ ಸರಣಿ ಅದಲ್ಲ.

ನ್ಯಾಯಾಲಯ, ಸಾಕ್ಷಿ, ಕಾಣದ ನ್ಯಾಯಾಧೀಶ

ಸಿಡ್ನಿ ಲುಮೆಟ್ ಅವರ '12 ಆಂಗ್ರಿ ಮೆನ್' (1957) ತೊಂಬತ್ತಾರು ನಿಮಿಷದ ಚಿತ್ರ, ಬಹುತೇಕ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಈ ಕಥೆ ಮೊದಲು ಬಂದದ್ದು ಟೆಲಿವಿಷನ್ನಿನಲ್ಲಿ, 1954ರಲ್ಲಿ, ಸುಮಾರು ಒಂದು ಗಂಟೆಯ ನೇರಪ್ರಸಾರದ ನಾಟಕವಾಗಿ. ಸಿನಿಮಾ ಆದಾಗ ಅದು ಬೆಳೆದದ್ದು ಅರ್ಧ ಗಂಟೆಯ ಆಸುಪಾಸು ಮಾತ್ರ. ಕೊಲೆ ಮೊಕದ್ದಮೆಯೊಂದರ ತೀರ್ಪು ಹೇಳಬೇಕಾದ ಹನ್ನೆರಡು ಮಂದಿ ಜ್ಯೂರಿಗಳು ಒಂದು ತೀರ್ಮಾನಕ್ಕೆ ಬರುವ ಕಥೆಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ. ಲುಮೆಟ್ ಆರಂಭದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ಆಮೇಲೆ ಕಣ್ಣಿನ ಮಟ್ಟಕ್ಕೆ ಇಳಿಸಿ, ಕೊನೆಯ ಭಾಗದಲ್ಲಿ ಅದಕ್ಕಿಂತಲೂ ಕೆಳಗೆ ತಂದರು. ಜೊತೆಗೆ ಮಸೂರಗಳನ್ನೂ ಬದಲಿಸುತ್ತ ಹೋದರು. ಹೀಗಾಗಿ ಗೋಡೆಗಳು ಹತ್ತಿರ ಸರಿದಂತೆ, ಚಾವಣಿ ತಲೆಯ ಮೇಲೆ ಕೂತಂತೆ ಆಗುತ್ತದೆ. ಮೊದಲ ಸಲ ನೋಡುವಾಗ ಇದು ಗಮನಕ್ಕೆ ಬರುವುದಿಲ್ಲ, ಸೆಕೆ ಮಾತ್ರ ನಮಗೂ ತಟ್ಟುತ್ತದೆ. ಒಂದು ಸಂಜೆ, ಒಂದು ಚಿತ್ರ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದದ ಕಥೆಗಳಿಗೆ ಬಂದರೆ, ಅಕಿರಾ ಕುರೊಸಾವ ಅವರ 'ರಾಶೋಮೋನ್' (1950) ಮತ್ತು ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014) ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ. ಇವೆರಡರ ಕೆಲಸ ಬೇರೆಯೆಂದು ನಾನು ತಿಳಿದಿದ್ದೇನೆ. ರಾಶೋಮೋನ್‌ನಲ್ಲಿ ಒಂದು ಸಾಕ್ಷ್ಯ ಇನ್ನೊಂದನ್ನು ಅಳಿಸುತ್ತದೆ. ಸಾಕ್ಷಿಗಳು ಅಂಗಳದಲ್ಲಿ ಕುಳಿತು ನೇರವಾಗಿ ನಮ್ಮ ಕಡೆಗೇ ನೋಡಿ ಹೇಳಿಕೆ ಕೊಡುತ್ತಾರೆ, ವಿಚಾರಣೆ ನಡೆಸುವವನು ಒಮ್ಮೆಯೂ ಕಾಣುವುದಿಲ್ಲ, ಅವನ ದನಿಯೂ ಕೇಳುವುದಿಲ್ಲ. ತೀರ್ಪು ಕೊಡಬೇಕಾದ ಜಾಗದಲ್ಲಿ ನಾವೇ ಕುಳಿತಿದ್ದೇವೆ ಎಂಬ ಅರಿವು ಆಗುವಷ್ಟರಲ್ಲಿ ಎಂಬತ್ತೆಂಟು ನಿಮಿಷ ಮುಗಿದಿರುತ್ತದೆ. 'ಉಳಿದವರು ಕಂಡಂತೆ'ಯಲ್ಲಿ ಅಧ್ಯಾಯಗಳು ಬಹುಮಟ್ಟಿಗೆ ಒಂದನ್ನೊಂದು ತುಂಬುತ್ತವೆ. ಒಬ್ಬರ ಕಥೆಯಲ್ಲಿ ಅಂಚಿನಲ್ಲಿ ಹಾದುಹೋದವರು ಇನ್ನೊಬ್ಬರ ಕಥೆಯಲ್ಲಿ ನಡುವಿಗೆ ಬರುತ್ತಾರೆ. ಕರಾವಳಿಯ ಮಾತು, ಅಜನೀಶ್ ಲೋಕನಾಥ್ ಅವರ ಸಂಗೀತ, ಹೆಚ್ಚು ಮಾತಿಲ್ಲದ ಮುನ್ನನಾಗಿ ಕಿಶೋರ್, ರತ್ನಕ್ಕನಾಗಿ ತಾರಾ ಇವೆಲ್ಲ ಬಹುಕಾಲ ಮನಸ್ಸಿನಲ್ಲಿ ಉಳಿಯುತ್ತವೆ. ನಡುಭಾಗದಲ್ಲಿ ಓಟ ಕುಂದುತ್ತದೆ, ಕೆಲವು ನಿಧಾನಗತಿಯ ಚಿತ್ರಿಕೆಗಳು ತಮ್ಮ ಅಂದಕ್ಕೆ ತಾವೇ ಮನಸೋತಂತೆ ನಿಂತುಬಿಡುತ್ತವೆ, ಇದನ್ನು ಮುಚ್ಚಿಡಲಾರೆ. ಆದರೂ ಇಷ್ಟು ಪಾತ್ರಗಳನ್ನು ಇಷ್ಟು ಪ್ರೀತಿಯಿಂದ ಕಟ್ಟಿದ ಮೇಲೆ, ಇದು ಆರು ಕಂತುಗಳ ಸರಣಿಯಾಗಿದ್ದರೆ ಒಬ್ಬೊಬ್ಬರಿಗೂ ಅವರವರ ಪಾಲು ದಕ್ಕುತ್ತಿತ್ತಲ್ಲ ಎಂಬ ಆಸೆ ನನಗಿದೆ. ರಾಶೋಮೋನ್ ಬಗ್ಗೆ ಅಂಥ ಆಸೆ ಎಂದೂ ಹುಟ್ಟಿಲ್ಲ.

ಸೋವಿಯತ್ ಒಕ್ಕೂಟದ ಪರಮಾಣು ಸ್ಥಾವರದ ದುರಂತವನ್ನು ಹೇಳುವ 'ಚೆರ್ನೋಬಿಲ್' (2019) ಐದೇ ಕಂತುಗಳ ಸರಣಿ, ಮತ್ತು ಅಳತೆ ಬಲ್ಲ ಸರಣಿಗೆ ಅದು ಮಾದರಿ. ನಾಲ್ಕನೆಯ ಕಂತಿನಲ್ಲಿ ಸೈನಿಕರನ್ನು ರಿಯಾಕ್ಟರಿನ ಪಕ್ಕದ ಛಾವಣಿಗೆ ಕಳಿಸಿ, ವಿಕಿರಣ ಸೂಸುವ ಗ್ರಾಫೈಟ್ ತುಂಡುಗಳನ್ನು ಸಲಿಕೆಯಿಂದ ಕೆಳಗೆ ತಳ್ಳಲು ತೊಂಬತ್ತು ಸೆಕೆಂಡು ಕೊಡುತ್ತಾರೆ. ಆ ಸರದಿಯನ್ನು ನಡುವೆ ಎಲ್ಲಿಯೂ ಕತ್ತರಿಸದೆ ಒಂದೇ ಚಿತ್ರಿಕೆಯಲ್ಲಿ ತೋರಿಸಿದ್ದಾರೆ. ತೊಂಬತ್ತು ಸೆಕೆಂಡು ಎಷ್ಟು ದೀರ್ಘವೆಂಬುದು ಆಗ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಅಗತ್ಯ: ಇದನ್ನು ಸಾಕ್ಷ್ಯಚಿತ್ರವೆಂದು ನಂಬಬಾರದು. ಉಲಾನಾ ಖೋಮ್ಯುಕ್ ಎಂಬ ವಿಜ್ಞಾನಿ ಹಲವರನ್ನು ಪ್ರತಿನಿಧಿಸಲು ಕಲ್ಪಿಸಿದ ಪಾತ್ರ, ಮತ್ತು ಕೊನೆಯ ಕಂತಿನ ನ್ಯಾಯಾಲಯದಲ್ಲಿ ವಿವರಣೆ ಕೊಡುವ ವಿಜ್ಞಾನಿ ಲೆಗಾಸೊವ್ ನಿಜವಾದ ಆ ವಿಚಾರಣೆಯಲ್ಲಿ ಇರಲಿಲ್ಲ.

ದಾಂಪತ್ಯ

ಇಂಗ್ಮರ್ ಬರ್ಗ್‌ಮನ್ ಅವರ 'ಸೀನ್ಸ್ ಫ್ರಮ್ ಎ ಮ್ಯಾರೇಜ್' 1973ರಲ್ಲಿ ಸ್ವೀಡನ್ನಿನ ಟೆಲಿವಿಷನ್ನಿನಲ್ಲಿ ಆರು ಕಂತುಗಳಾಗಿ ಬಂದು, ಆಮೇಲೆ ಮೂರು ಗಂಟೆಗೆ ಒಳಗಿನ ಸಿನಿಮಾ ಆಯಿತು. ಆರು ಕಂತುಗಳನ್ನೇ ನೋಡಿ. ಮೂರನೆಯ ಕಂತಿನಲ್ಲಿ ಗಂಡ ಬಂದು, ತಾನು ಬೇರೊಬ್ಬಳೊಂದಿಗೆ ಹೊರಟುಹೋಗುತ್ತಿದ್ದೇನೆ ಎನ್ನುತ್ತಾನೆ. ಕಿರುಚಾಟವನ್ನು ನಿರೀಕ್ಷಿಸಿ ಕುಳಿತ ನಮ್ಮೆದುರು ಹೆಂಡತಿ ಅವನ ಪೆಟ್ಟಿಗೆ ತುಂಬಲು ನೆರವಾಗುತ್ತಾಳೆ. ಅವನು ಹೋದ ಮೇಲೆ ಗೆಳೆಯರಿಗೆ ಫೋನ್ ಮಾಡಿದಾಗ, ಅವರಿಗೆಲ್ಲ ಈ ಸಂಗತಿ ಮೊದಲೇ ಗೊತ್ತಿತ್ತೆಂದು ತಿಳಿಯುತ್ತದೆ. ಲಿವ್ ಉಲ್‌ಮನ್ ಅವರ ಮುಖವನ್ನು ಆ ಹೊತ್ತಿನಲ್ಲಿ ನೋಡುವುದು ಕಷ್ಟ, ನೋಡದಿರುವುದೂ ಕಷ್ಟ.

ಇದಕ್ಕೆ ಎದುರಾಗಿ ಇರಾನಿನ ಅಸ್ಗರ್ ಫರ್ಹಾದಿ ಅವರ 'ಎ ಸೆಪರೇಶನ್' (2011) ಎರಡೇ ಗಂಟೆಯಲ್ಲಿ ಅಷ್ಟೇ ಆಳಕ್ಕೆ ಇಳಿಯುತ್ತದೆ. ಮೊದಲ ದೃಶ್ಯದಲ್ಲಿ ಗಂಡಹೆಂಡತಿ ಕಾಣದ ನ್ಯಾಯಾಧೀಶನ ಮುಂದೆ, ಅಂದರೆ ನಮ್ಮ ಮುಂದೆ, ಅಕ್ಕಪಕ್ಕ ಕುಳಿತು ವಾದಿಸುತ್ತಾರೆ. ಇಬ್ಬರ ಮಾತೂ ಸರಿ ಎನ್ನಿಸುತ್ತದೆ. ಬರ್ಗ್‌ಮನ್ ಅವರಲ್ಲಿ ಕಾಲವೇ ದಾಂಪತ್ಯವನ್ನು ಸವೆಸುತ್ತದೆ, ಅದಕ್ಕೆ ವರ್ಷಗಳು ಬೇಕು, ಕಂತುಗಳು ಬೇಕು. ಫರ್ಹಾದಿ ಅವರಲ್ಲಿ ಒಂದು ಘಟನೆಯಿಂದ ಎರಡು ಮನೆಗಳು ಕುಸಿಯುತ್ತವೆ, ಅದಕ್ಕೆ ಸಿನಿಮಾದ ಬಿಗಿ ಬೇಕು. ಇವೆರಡರಲ್ಲಿ ಮೇಲುಕೀಳು ಹೇಳಲು ನನ್ನಿಂದಾಗದು. ಮನಸ್ಸು ಭಾರವಾಗಿರುವ ದಿನ ಮಾತ್ರ ಬರ್ಗ್‌ಮನ್‌ಗೆ ಕೈ ಹಾಕಬೇಡಿ.

ಉದ್ದದಿಂದಲೇ ಸೋತವು

'ಗೇಮ್ ಆಫ್ ಥ್ರೋನ್ಸ್' (2011ರಿಂದ 2019, 73 ಕಂತುಗಳು) ಮೊದಲ ನಾಲ್ಕು ಸೀಸನ್ನುಗಳಲ್ಲಿ ಕೊಟ್ಟ ಸುಖವನ್ನು ಕೊನೆಯ ಎರಡರಲ್ಲಿ ಕಿತ್ತುಕೊಂಡಿತು. ಮೊದಲ ಆರು ಸೀಸನ್ನುಗಳಿಗೆ ಹತ್ತು ಹತ್ತು ಕಂತುಗಳಿದ್ದವು, ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಹಿಂದೆ ಹಲವು ಕಂತು ಹಿಡಿಯುತ್ತಿದ್ದವರು ಕೊನೆಗೆ ಒಂದು ದೃಶ್ಯದಿಂದ ಇನ್ನೊಂದರೊಳಗೆ ತಲುಪಿಬಿಡುತ್ತಿದ್ದರು, ಮನಸ್ಸಿನ ಬದಲಾವಣೆಗಳಿಗೂ ಅದೇ ಗತಿಯಾಯಿತು. ಅದೇ ಬಗೆಯ ರಾಜ್ಯ, ಯುದ್ಧ, ಮಾಯೆಗಳ ಕಥೆ ಬೇಕೆಂದರೆ 2001ರಿಂದ 2003ರವರೆಗೆ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಚಿತ್ರಗಳನ್ನು ಆರಿಸಿ. ಹನ್ನೊಂದು ಆಸ್ಕರ್ ಪಡೆದ ಮೂರನೆಯದಕ್ಕಿಂತ ಮೊದಲನೆಯದೇ ನನಗೆ ಹೆಚ್ಚು ಇಷ್ಟ. ಮೊದಲ ನೋಟಕ್ಕೆ ಚಿತ್ರಮಂದಿರದ ಆವೃತ್ತಿ ಸಾಕು.

ನಗೆಯ ಸರಣಿಗಳಲ್ಲಿಯೂ ಇದೇ ಪಾಠ ಕಾಣುತ್ತದೆ. ಬ್ರಿಟನ್ನಿನ 'ದಿ ಆಫೀಸ್' ಹನ್ನೆರಡು ಕಂತು ಮತ್ತು ಒಂದು ಕ್ರಿಸ್‌ಮಸ್ ವಿಶೇಷಕ್ಕೆ ಮುಗಿಯಿತು, ಅಮೆರಿಕದ್ದು 201 ಕಂತು ನಡೆಯಿತು. ಮುಜುಗರದ ತೀವ್ರತೆ ಬೇಕಾದವರಿಗೆ ಮೊದಲನೆಯದು, ದಿನದ ಕೊನೆಗೆ ಪರಿಚಿತರ ಸಂಗ ಬೇಕಾದವರಿಗೆ ಎರಡನೆಯದು. ಏಳನೆಯ ಸೀಸನ್ನಿನಲ್ಲಿ ಸ್ಟೀವ್ ಕ್ಯಾರೆಲ್ ಹೊರನಡೆದ ಮೇಲೆ ನೀವೂ ಹೊರನಡೆಯಬಹುದು.

ಎರಡಕ್ಕೂ ಮನಸ್ಸಿಲ್ಲದಾಗ

ಸಿನಿಮಾದಷ್ಟು ಹೊತ್ತು ಕೂರಲಾರದೆ, ಸರಣಿಗೆ ಕಟ್ಟುಬೀಳಲೂ ಇಷ್ಟವಿಲ್ಲದ ದಿನಗಳಿಗೆ ಬಿಡಿಕಥೆಗಳ ಸರಣಿಗಳಿವೆ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಅಂಥವುಗಳಲ್ಲಿ ನನಗೆ ಅತ್ಯಂತ ಆಪ್ತ. ಅರ್ಧ ಗಂಟೆಯೊಳಗೆ ಮುಗಿಯುವ ಅದರ ಕಂತುಗಳಲ್ಲಿ ಯಾವುದನ್ನೂ ಸಾಬೀತುಪಡಿಸುವ ಹಟವಿಲ್ಲ, ಮತ್ತು ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಕ್ಯಾಮೆರಾ ಇರುವುದನ್ನೇ ಮರೆತವನಂತೆ ಓಡಾಡುತ್ತಾನೆ. ಅದರ ನಿಧಾನ ಇಂದಿನ ಕಣ್ಣಿಗೆ ತುಸು ಹೆಚ್ಚೆನಿಸಬಹುದು; ಮಕ್ಕಳೊಂದಿಗೆ ಕೂತು ನೋಡಿದಾಗ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು, ಪೋಲೆಂಡಿನ ಕ್ರಿಸ್ತೋಫ್ ಕೀಸ್ಲೋವ್ಸ್ಕಿ ಅವರ 'ಡೆಕಲಾಗ್'. 1980ರ ದಶಕದ ಕೊನೆಯಲ್ಲಿ ಟೆಲಿವಿಷನ್ನಿಗಾಗಿ ಮಾಡಿದ, ಸುಮಾರು ಒಂದೊಂದು ಗಂಟೆಯ ಈ ಹತ್ತು ಚಿತ್ರಗಳ ಜನರೆಲ್ಲ ಒಂದೇ ವಸತಿ ಸಮುಚ್ಚಯದಲ್ಲಿ ವಾಸಿಸುತ್ತಾರೆ, ಆದರೆ ಕಥೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಐದನೆಯ ಮತ್ತು ಆರನೆಯ ಭಾಗಗಳು ಹಿಗ್ಗಿಸಿದ ರೂಪದಲ್ಲಿ ಸಿನಿಮಾಗಳಾಗಿಯೂ ಬಂದಿವೆ. ಐದನೆಯದನ್ನು ಮಾತ್ರ ಸಿನಿಮಾ ರೂಪದಲ್ಲಿಯೇ ನೋಡಿ, ಅಲ್ಲಿ ಕೊಲೆಯೂ ಮರಣದಂಡನೆಯೂ ಕಣ್ಣು ತಪ್ಪಿಸಲಾಗದಷ್ಟು ಹೊತ್ತು ಎದುರಿಗೆ ನಿಲ್ಲುತ್ತವೆ. ಒಂದರಿಂದ ಹತ್ತರವರೆಗೆ ಕ್ರಮವಾಗಿ ನೋಡಬೇಕಾಗಿಲ್ಲ. ಕೆರೆಯ ಮಂಜುಗಡ್ಡೆ ಮಗನ ಭಾರ ತಡೆಯುತ್ತದೆಯೇ ಎಂದು ತಂದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮೊದಲನೆಯ ಕಥೆ ಎಷ್ಟು ಗಾಢವೆಂದರೆ, ಅದರಿಂದ ಆರಂಭಿಸಿದ ಹಲವರು ಎರಡನೆಯದಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ತೀರಿಕೊಂಡ ತಂದೆಯ ಅಂಚೆಚೀಟಿ ಸಂಗ್ರಹ ಇಬ್ಬರು ಅಣ್ಣತಮ್ಮಂದಿರ ಕೈಗೆ ಬರುವ ಹತ್ತನೆಯದರಲ್ಲಿ ನಗುವಿದೆ; ಮೊದಲ ರಾತ್ರಿಗೆ ಅದನ್ನು ಇಟ್ಟುಕೊಳ್ಳಿ, ಮೊದಲನೆಯದನ್ನು ನಾಲ್ಕೈದು ಕಥೆಗಳಾದ ಮೇಲೆ, ಮರುದಿನ ಬೆಳಿಗ್ಗೆ ಬೇಗ ಏಳಬೇಕಿಲ್ಲದ ರಾತ್ರಿಯೊಂದಕ್ಕೆ.